ಅಬೌಟ್ ಆದಮೇಲಿನ ಪದ

ಸ್ಪಿರಿಟ್ಟಿನ ವಾಸನೆ ಬಂದರೆ ಈಗಲೂ ನನಗೆ ನಾವು ದುಡಿಯಲು ಹೋಗಿದ್ದ ಫೋಂಡಾದ ಆ ಆಸ್ಪತ್ರೆಯ ತಣ್ಣನೆಯ ಕಬ್ಬಿಣದ ಬೆಂಚು ನೆನಪಾಗುತ್ತದೆ.

ಕಟ್ಟಡದ ಸಾರವೆಯಿಂದ ಬಿದ್ದಿದ್ದ ಅಪ್ಪನನ್ನು ಒಳಗೆ ಕರೆದೊಯ್ದಿದ್ದರು. ಅವ್ವನ ಸೆರಗಿನಲ್ಲಿ ಸಿಮೆಂಟು ಒಣಗಿ ಬಿರುಸಾಗಿತ್ತು. ಹೊರಗೆ ಬಂದ, ಕನ್ನಡ ಬಾರದ ಡಾಕ್ಟರು ನನ್ನ ಯೂನಿಫಾರ್ಮ್ ನೋಡಿ, ಇಂಗ್ಲಿಷಿನಲ್ಲಿ "ನಥಿಂಗ್ ಟು ವರಿ ಅಬೌಟ್" ಎಂದು ಹೇಳಿ ಹೊರಟೇಹೋದರು.

"ಏನಂದ್ರು?" ಅವ್ವ ನನ್ನ ತೋಳು ಹಿಡಿದಳು.

ವರಿಯ ಹಿಂದೆ ಟು ಬಂದರೆ 'ಚಿಂತಿಸಲು'. ಅಬೌಟ್ ಎಂದರೆ 'ಬಗ್ಗೆ', ಅದಾದ ಮೇಲೆ ಒಂದು ನಾಮಪದ ಬರಲೇಬೇಕು ಎಂದು ಟೀಚರ್ ಕಲಿಸಿದ್ದರು. ಡಾಕ್ಟರ ಬಾಯಿಂದ ಆ ಪದ ಬಂದಿರಲೇ ಇಲ್ಲ.

"ಚಿಂತಿ ಮಾಡಾಕ ಏನೂ ಇಲ್ಲಂತ... ಬಗ್ಗೆ."

"ಯಾವುದರ ಬಗ್ಗೆ?"

"ಅದನ್ನ ಹೇಳಲಿಲ್ಲವ್ವ."

ಅವಳ ಬೆರಳುಗಳು ನನ್ನ ತೋಳಿನಲ್ಲಿ ನಾಟಿದವು. "ಸಣ್ಣವರ ಮುಂದ ಹೇಳಬಾರದ್ದ ಇರಬೇಕು" ಎಂದಳು.

ಸ್ವಲ್ಪ ಹೊತ್ತಿಗೆ ಅಪ್ಪ ತಾನೇ ನಡೆದು ಬಂದ. ಹಣೆಗೆ ಪಟ್ಟಿ ಕಟ್ಟಿದ್ದರು. "ನಡೀರಿ, ಮನಿಗೆ ಹೋಗೂಣು" ಎಂದ.

ಅವ್ವ ಅವನ ಕೈ, ಮೊಣಕಾಲು, ಕಣ್ಣರೆಪ್ಪೆ ಒಂದೊಂದನ್ನೇ ಮುಟ್ಟುತ್ತ, ಡಾಕ್ಟರು ಹೇಳದೆ ಬಿಟ್ಟ ಆ ಪದವನ್ನು ಹುಡುಕತೊಡಗಿದಳು.