ಎರಡನೆಯ ಪ್ರಯತ್ನ

ಎರಡನೆಯ ಸಲವೂ ಉಸಿರಾಟದ ಕೊಳವೆ ಒಳಗೆ ಹೋಗಲಿಲ್ಲ. ಟೇಬಲ್ಲಿನ ಮೇಲೆ ಮಲಗಿದ್ದವನು ಮೂರು ವರ್ಷದ ಹುಡುಗ, ಸೀಳು ಅಂಗುಳ ಹೊಲಿಸಿಕೊಳ್ಳಲು ಬಂದವನು. ಕೆಳದವಡೆ ತೀರ ಪುಟ್ಟದು, ಒಳಕ್ಕೆ ಸರಿದಿತ್ತು. ಅರಿವಳಿಕೆ ಡಾಕ್ಟರು ನಾಲಿಗೆ ಒತ್ತಿಹಿಡಿಯುವ ಲೈಟಿನ ಅಲಗನ್ನು ಬಾಯೊಳಗೆ ಇಳಿಸಿ ಎಷ್ಟು ಎತ್ತಿ ನೋಡಿದರೂ ಕಾಣುತ್ತಿದ್ದದ್ದು ನಾಲಿಗೆಯೊಂದೇ. ಉಸಿರಿನ ದಾರಿ ಅದರ ಹಿಂದೆ ಎಲ್ಲೋ ಅವಿತುಕೊಂಡಿತ್ತು.

"ಎಂಬತ್ತೊಂದು," ಎಂದಳು ಮಾನಿಟರ್ ನೋಡುತ್ತಿದ್ದ ನರ್ಸ್. ರಕ್ತದಲ್ಲಿನ ಆಮ್ಲಜನಕದ ಲೆಕ್ಕ ಅದು, ನೂರರ ಹತ್ತಿರ ಇರಬೇಕಾದದ್ದು. ಡಾಕ್ಟರು ಅಲಗು ತೆಗೆದು, ಮುಖಕ್ಕೆ ಮಾಸ್ಕ್ ಒತ್ತಿ ಗಾಳಿಚೀಲ ಹಿಂಡಿದರು. ಎದೆ ಸರಿಯಾಗಿ ಏಳಲಿಲ್ಲ. ಹುಡುಗನ ತುಟಿ ನೀಲಿಗೆ ತಿರುಗತೊಡಗಿತು. ನರ್ಸ್ ಅರವತ್ತೆಂಟು ಎಂದಾಗ ಅವಳ ದನಿಯೂ ಇಳಿದಿತ್ತು.

ಕೈ ತೊಳೆದು ಗ್ಲೌಸ್ ಹಾಕಿಕೊಂಡು ಕಾಯುತ್ತಿದ್ದ ಸರ್ಜನ್ ವಯಸ್ಸಿನಲ್ಲಿ ಚಿಕ್ಕವನು. ಇನ್ನೊಂದು ಸಲ ನೋಡಿ ಸರ್, ನಿಮ್ಮ ಕೈಲಿ ಆಗದೆ ಇರುತ್ತದಾ ಎಂದ. ಡಾಕ್ಟರಿಗೂ ಕೈ ತುರಿಸಿತು. ಇಪ್ಪತ್ತೆರಡು ವರ್ಷದಿಂದ ಸೂಜಿಗೆ ದಾರ ಪೋಣಿಸಿದಷ್ಟು ಸಲೀಸಾಗಿ ಕೊಳವೆ ಹಾಕುತ್ತಾರೆಂದು ಹೆಸರಾದ ಕೈ. ಆದರೆ ಕೆದಕಿದಷ್ಟೂ ಗಂಟಲು ಬಾತುಕೊಳ್ಳುತ್ತದೆ, ಇರುವ ಕೂದಲೆಳೆಯಷ್ಟು ದಾರಿಯೂ ಮುಚ್ಚಿಹೋಗುತ್ತದೆ. ಅವರು ಅಲಗನ್ನು ಟ್ರೇಗೆ ಹಾಕಿದರು. ಗಂಟಲಿನಲ್ಲಿ ಕೂರುವ ಮೆತ್ತನೆಯ ಇನ್ನೊಂದು ಬಗೆಯ ಮಾಸ್ಕನ್ನು ಬಾಯೊಳಗೆ ತಳ್ಳಿ, ಚೀಲ ಹಿಂಡಿದರು. ಎದೆ ಎದ್ದಿತು. ಎಪ್ಪತ್ತೈದು, ಎಂಬತ್ತೆಂಟು, ತೊಂಬತ್ತಾರು. ಎಲ್ಲರಿಗೂ ಹೋದ ಜೀವ ಬಂದಂತಾಯಿತು.

ಆ ಮಾಸ್ಕ್ ಇಟ್ಟುಕೊಂಡು ಅಂಗುಳ ಹೊಲಿಯುವ ಹಾಗಿರಲಿಲ್ಲ, ಅದಕ್ಕೆ ಕೊಳವೆಯೇ ಬೇಕು. ಡಾಕ್ಟರು ಅರಿವಳಿಕೆಯ ಗ್ಯಾಸ್ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಹುಡುಗ ಕಣ್ಣು ಬಿಟ್ಟು, ಕೈಕಾಲು ಝಾಡಿಸಿ, ಕಟ್ಟಡ ಹಾರಿಹೋಗುವ ಹಾಗೆ ಅತ್ತ. ಆ ಅಳು ಯಾರಿಗೂ ಬೇಸರವಾಗಲಿಲ್ಲ.

ಕೇಸ್ ಶೀಟ್ ಬರೆಯಲು ಕೂತಾಗ ಸರ್ಜನ್ ಪಕ್ಕಕ್ಕೆ ಬಂದು, "ಶೀತ ಇತ್ತು, ಮುಂದೂಡಿದ್ವಿ ಅಂತ ಬರೀರಿ ಸರ್. ಇದನ್ನ ಯಾಕೆ ಊರಿಗೆಲ್ಲ ಡಂಗುರ ಹೊಡೀಬೇಕು?" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಹಿರಿಯರ ಮರ್ಯಾದೆ ಉಳಿಯಲಿ ಎಂದಷ್ಟೇ. ಬೇರೆಯವರು ಇಂಥ ನೆಪ ಹೇಳಿದಾಗಲೆಲ್ಲ ಡಾಕ್ಟರು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತಿದ್ದರು. ಈಗ ಆ ಗಾದೆ ಬಾಯಿಗೆ ಬರಲಿಲ್ಲ. ತಾರೀಕು ಬರೆದರು, ಹೊತ್ತು ಬರೆದರು. ಮುಂದಿನ ಸಾಲಿಗೆ ಪೆನ್ನು ಏಳಲಿಲ್ಲ. ಹಾಳೆಯನ್ನು ಹಾಗೇ ಕೈಯಲ್ಲಿ ಹಿಡಿದು ಹೊರಗೆ ಹೋದರು.

ಹುಡುಗನ ತಾಯಿ ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದಳು. ಮಗ ಚೆನ್ನಾಗಿದ್ದಾನೆ, ಎಚ್ಚರವಾಗಿದೆ, ಆದರೆ ಆಪರೇಷನ್ ಮಾಡಲಾಗಲಿಲ್ಲ ಎಂದರು ಡಾಕ್ಟರು. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಮತ್ತೆ ಶೀತಾನಾ ಡಾಕ್ಟ್ರೇ?"

ಮತ್ತೆ ಅಂದರೆ ಎಂದು ಡಾಕ್ಟರು ಕೇಳಿದರು. ಅವಳು ಹೇಳಿದಳು. ಹೋದ ವರ್ಷ ಬೇರೊಂದು ಆಸ್ಪತ್ರೆಯಲ್ಲೂ ಹೀಗೇ ಒಳಗೆ ಕರೆದುಕೊಂಡು ಹೋಗಿ, ಒಂದು ಗಂಟೆಯೊಳಗೆ ವಾಪಸ್ ಕೊಟ್ಟಿದ್ದರಂತೆ, ಶೀತ ಆಗಿದೆ ಎಂದು. ಮಗನ ತುಟಿ ಬಾತಿತ್ತಂತೆ. "ಮೂಗು ಒರೆಸೋಳು ನಾನು. ಶೀತ ಇದ್ದಿದ್ರೆ ನಂಗೆ ಗೊತ್ತಾಗಲ್ವಾ? ದೊಡ್ಡವರು ಹೇಳ್ತಾರೆ ಅಂತ ಸುಮ್ಮನಾದೆ."

"ಹಿಂದೆ ಆಪರೇಷನ್ ಆಗಿದೆಯಾ ಅಂತ ನಿನ್ನೆ ಕೇಳಿದ್ನಲ್ಲಮ್ಮ. ಇಲ್ಲ ಅಂದ್ರಿ."

"ಆಗಿರಲಿಲ್ವಲ್ಲ."

ಅವಳ ಮಾತಿನಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಅರಿವಳಿಕೆ ಕೊಟ್ಟಿದ್ದರಾ ಎಂದು ಅವರು ಕೇಳಿರಲಿಲ್ಲ. ಅಲ್ಲೂ ಕೊಳವೆ ಹೋಗಿರಲಿಲ್ಲವೆಂದು ಗೊತ್ತಿದ್ದರೆ ಈ ಹುಡುಗನನ್ನು ಇಲ್ಲಿ ಮಲಗಿಸುತ್ತಲೇ ಇರಲಿಲ್ಲ, ಕಡ್ಡಿಯಷ್ಟು ತೆಳ್ಳಗಿನ ಕ್ಯಾಮೆರಾ ಇಳಿಸಿ ದಾರಿ ನೋಡುವ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದರು. ಅದನ್ನು ಶೀತವೆಂದು ಮುಚ್ಚಿಟ್ಟ, ಹೆಸರು ತಿಳಿಯದ ಆ ಡಾಕ್ಟರ ಮೇಲೆ ಸಿಟ್ಟು ಬಂತು. ಕೈಯಲ್ಲಿದ್ದ ಅರ್ಧ ಬರೆದ ಹಾಳೆ ನೋಡಿ ನಾಚಿಕೆಯೂ ಆಯಿತು.

"ಶೀತ ಅಲ್ಲಮ್ಮ. ನನ್ನ ಕೈಲಿ ಆಗಲಿಲ್ಲ," ಎಂದರು.

ಕಿಟಕಿಯ ಕಟ್ಟೆಯ ಮೇಲಿಟ್ಟು ಆ ಹಾಳೆಯನ್ನು ತುಂಬಿಸಿದರು. ಆಮೇಲೆ ಇನ್ನೊಂದು ಹಾಳೆ ತರಿಸಿ, ಅವಳಿಗೂ ಓದಲು ಬರುವ ಹಾಗೆ ಬಿಡಿಸಿ ಬಿಡಿಸಿ ಬರೆದರು. ಈ ಹುಡುಗನ ಉಸಿರುನಾಳಕ್ಕೆ ಕೊಳವೆ ಹಾಕಲು ನಾನು ಎರಡು ಸಲ ನೋಡಿದೆ, ಆಗಲಿಲ್ಲ. ಮುಖದ ಮಾಸ್ಕಿನಿಂದ ಉಸಿರು ಕೊಡುವುದೂ ಕಷ್ಟವಾಯಿತು, ಗಂಟಲಿನ ಮಾಸ್ಕ್ ಕೆಲಸ ಮಾಡಿತು. ಕ್ಯಾಮೆರಾ ಇಲ್ಲದ ಕಡೆ ಇವನಿಗೆ ಅರಿವಳಿಕೆ ಕೊಡಬೇಡಿ. ಕೆಳಗೆ ಸಹಿ ಹಾಕಿ, ಎಲ್ಲಿಗೆ ಹೋದರೂ ಮೊದಲು ಇದನ್ನು ತೋರಿಸಬೇಕು ಎಂದು ಕೊಟ್ಟರು.

ತಾಯಿ ನಿಧಾನವಾಗಿ, ಎರಡು ಸಲ ಓದಿದಳು. ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇಷ್ಟು ಬರೆಯೋಕೆ ಆ ಡಾಕ್ಟ್ರಿಗೆ ಏನು ಕಷ್ಟ ಇತ್ತು, ಡಾಕ್ಟ್ರೇ?"