ಆರನೆಯ ಫೋನು

ಇದನ್ನ ಒಂದ್ಸಲ ಪೂರ್ತಿ ಕೇಳಿ, ಆಮೇಲೆ ಬೇಕಾದ್ರೆ ಬೈಯಿರಿ.

ಜಿಲ್ಲಾ ಕಚೇರಿಯ ಅಧಿಕಾರಿ ಮಾರ್ತೆನ್ ಗುಡ್ಡ ಹತ್ತಿ ಬರ್ತಿದ್ದಾನೆ ಅನ್ನೋ ಸುದ್ದಿ ಮುಟ್ಟಿದಾಗ ದಮಾರಿಸ್ ತನ್ನಮ್ಮನ ಕೋಣೆಯಿಂದ ತಟ್ಟೆ ಹಿಡಿದು ಹೊರಗೆ ಬರ್ತಿದ್ದಳು. ಅನ್ನ ಇಟ್ಟಷ್ಟೂ ಹಾಗೇ ಇತ್ತು. ಕಾಫಿ ಆರಿಹೋಗಿತ್ತು. ಅವಳಿಗೆ ಬೇಜಾರಾಗಲಿಲ್ಲ, ಬೇಜಾರಾಗೋಕೂ ಒಂದಿಷ್ಟು ಶಕ್ತಿ ಬೇಕು. ತೋಟದಲ್ಲಿ ಕಾಫಿ ಹಣ್ಣು ಕೆಂಪಾಗಿ ಉದುರೋಕೆ ಶುರುವಾಗಿತ್ತು. ಕೊಯ್ಯೋಕೆ ಇವಳೊಬ್ಬಳೇ.

ಕೊಯ್ದರೂ ಬೆಳೆಗಾರರ ಸಂಘದ ಕಣಕ್ಕೆ ಹಾಕೋ ಹಾಗಿಲ್ಲ. ತೋಟ ಇರೋದು ಅಮ್ಮ ಲೂದಿಯಾ ಹೆಸರಲ್ಲಿ. ಹೋದ ಕೊಯ್ಲಿನ ಹೊತ್ತಿಗೆ ಜಿಲ್ಲಾ ಕಚೇರಿಯ ಗುಮಾಸ್ತನೊಬ್ಬ ಆಸ್ಪತ್ರೆಯ ಯಾವುದೋ ಕಾಗದ ನೋಡಿ, ಲೂದಿಯಾ ಸತ್ತಿದ್ದಾಳೆ ಅಂತ ಕಂಪ್ಯೂಟರಿಗೆ ಹೊಡೆದುಬಿಟ್ಟ. ಸತ್ತವರ ತೋಟಕ್ಕೆ ಬೀಗ. ವಾರಸುದಾರರೆಲ್ಲ ಒಟ್ಟಿಗೆ ಬಂದು ಸಹಿ ಹಾಕೋವರೆಗೂ ಬೀಗ. ದಮಾರಿಸಳ ಅಣ್ಣ ಇರೋದು ದೂರದ ಪಾಪುವಾದ ಗಣಿಯಲ್ಲಿ, ಮುಂದಿನ ವರ್ಷಕ್ಕೆ ಮುಂಚೆ ಬರೋಕಾಗಲ್ಲ. ಎರಡು ಕೊಯ್ಲು ಕಣಕ್ಕೆ ಬರದಿದ್ರೆ ತೋಟ ಸಂಘದ ಪಾಲು. ಒಂದು ಆಗಲೇ ತಪ್ಪಿತ್ತು. ಅಮ್ಮ ಕೈಯಾರೆ ನೆಟ್ಟ ನಾನೂರು ಗಿಡ.

ಐದು ಸಲ ಬೆಟ್ಟ ಇಳಿದು ಕಚೇರಿಯ ಕಿಟಕಿ ಮುಂದೆ ನಿಂತಿದ್ದಳು ದಮಾರಿಸ್. ಐದು ಸಲವೂ ಅದೇ ಉತ್ತರ: ಕಂಪ್ಯೂಟರ್ ಹೀಗೆ ಹೇಳುತ್ತೆ. ಬಂದು ನೋಡಿ ಅಂದದ್ದಕ್ಕೆ, ಕಂಪ್ಯೂಟರಿಗೆ ಕಾಲಿಲ್ಲಮ್ಮ ಅಂತ ನಕ್ಕಿದ್ದ ಗುಮಾಸ್ತ. ಇವಳು ವಾಪಸ್ ಬೆಟ್ಟ ಹತ್ತಿದ್ದಳು.

ಊರಲ್ಲಿ ಇನ್ನೊಂದು ದಾಖಲೆ ಇತ್ತು, ತೋಟಗಳ ಪುಸ್ತಕ. ಅದು ಒಂದು ಕಡೆ ಇರೋದಲ್ಲ, ಒಂಬತ್ತು ಫೋನಲ್ಲಿ ಒಂಬತ್ತು ಪ್ರತಿ. ಬ್ಲಾಕ್‌ಚೈನ್ ಅಂತ ಸಂಘದವರು ಹಾಕಿಕೊಟ್ಟಿದ್ದು. ಯಾರೋ ಒಬ್ಬ ಕೂತು ತನಗೆ ತೋಚಿದ್ದು ಬರೆದರೆ ನಡೆಯಲ್ಲ. ಆರು ಫೋನು ಒಂದೇ ಮಾತು ಹೇಳಬೇಕು. ಹೇಳಿದರೆ ಆ ಸಾಲು ಪುಸ್ತಕದಲ್ಲಿ ಕೂರುತ್ತೆ, ಕೂತ ಮೇಲೆ ಅಳಿಸೋಕೆ ಯಾರಪ್ಪನ ಕೈಲೂ ಆಗಲ್ಲ. ಕಂಪ್ಯೂಟರಿಗೂ ಪುಸ್ತಕಕ್ಕೂ ಜಗಳ ಬಿದ್ದರೆ ಪುಸ್ತಕದ ಮಾತೇ ಕೊನೆ ಅಂತ ಜಿಲ್ಲೆಯವರೇ ಒಪ್ಪಿ ಬರೆದುಕೊಟ್ಟಿದ್ದರು.

ಲೂದಿಯಾ ಹೆಸರಿನ ಕೆಳಗೆ ಒತ್ತೋಕೆ ಮೂರು ಗುಂಡಿ. ಚೆನ್ನಾಗಿದ್ದಾರೆ, ಕಾಯಿಲೆ, ಸತ್ತಿದ್ದಾರೆ. ಊರಿನ ಐದು ಜನ ಕಾಯಿಲೆ ಒತ್ತಿದ್ದರು. ಮೂರು ಜನ ಮಲೇಷ್ಯಾದ ತಾಳೆ ತೋಟಗಳಲ್ಲಿ ಕೂಲಿಗೆ ಹೋಗಿ ಫೋನಿಗೇ ಸಿಗ್ತಿರಲಿಲ್ಲ. ಒಂಬತ್ತನೇ ಫೋನು ಕಚೇರಿಯದ್ದು, ಮಾರ್ತೆನ್ ಜೇಬಲ್ಲಿತ್ತು. ಗುಂಡಿ ಒತ್ತೋ ಗಡುವು ಇವತ್ತಿಗೆ ಮುಗೀತಿತ್ತು.

ಅವನು ನೇರ ಮನೆಗೆ ಬರಲಿಲ್ಲ. ಮೊದಲು ಐದೂ ಜನರನ್ನ ಬೇರೆಬೇರೆಯಾಗಿ ಕೂರಿಸಿ ಕೇಳಿದ. ಶಾಲೆಯ ಮೇಷ್ಟ್ರು, ಅಂಗಡಿಯಾಕೆ, ಚರ್ಚಿನ ಹಿರಿಯ, ಎಲ್ಲರದ್ದೂ ಒಂದೇ ಮಾತು: ಲೂದಿಯಾಗೆ ಕಾಯಿಲೆ, ಮನೇಲಿ ಮಲಗಿದ್ದಾಳೆ. ಆಣೆ ಮಾಡ್ತೀರಾ ಅಂದದ್ದಕ್ಕೆ ಚರ್ಚಿನ ಹಿರಿಯ, ಬೇಕಾದ್ರೆ ಬೈಬಲ್ ತರ್ತೀನಿ, ನಿಮ್ಮ ಕಂಪ್ಯೂಟರಿಗೂ ಮಾಡಿಸ್ತೀರಾ ಅಂತ ಕೇಳಿದನಂತೆ.

ಮಾರ್ತೆನ್ ಬಂದು ಜಗಲಿ ಮೇಲೆ ಕುಸಿದು ಕೂತ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಐದೂ ಜನ ಒಂದೇ ಮಾತು ಹೇಳ್ತಾರೆ ಅಕ್ಕ. ಅಷ್ಟಕ್ಕೇ ಅದು ನಿಜ ಆಗ್ಬಿಡುತ್ತಾ?"

"ಒಬ್ಬ ಹೇಳಿದ್ರೆ ಆಗುತ್ತೆ ಅಂತ ನಿಮ್ಮ ಕಿಟಕೀಲಿ ವರ್ಷದಿಂದ ಕೇಳ್ತಾನೇ ಇದೀನಲ್ಲ ಸಾರ್."

ಅವನು ಕುತ್ತಿಗೆಯ ಬೆವರು ಒರೆಸಿಕೊಂಡ. ಕಚೇರಿಯ ಫೋನೇ ಕಚೇರಿಯ ಕಂಪ್ಯೂಟರನ್ನ ಸುಳ್ಳು ಅಂದರೆ ಮೇಲಿನವರು ತನ್ನನ್ನ ಯಾವ ದ್ವೀಪಕ್ಕೆ ಎತ್ತಿ ಹಾಕ್ತಾರೋ ಗೊತ್ತಿಲ್ಲ, ಕಣ್ಣಾರೆ ನೋಡದೆ ಒತ್ತೋಕಾಗಲ್ಲ ಅಂದ. ದಮಾರಿಸ್ ಎದ್ದಳು. ದಕ್ಷಿಣಕ್ಕಿದ್ದ ಅಮ್ಮನ ಕೋಣೆಯ ಬಾಗಿಲು ಸರಿಸಿದಳು.

"ಅಮ್ಮಾ, ಕಚೇರಿಯವರು ಬಂದಿದಾರೆ. ತೋಟದ ವಿಷ್ಯ. ಬೇಜಾರು ಮಾಡ್ಕೋಬೇಡ."

ಮಾರ್ತೆನ್ ಬೂಟು ಬಿಚ್ಚಿ ತಲೆ ಬಗ್ಗಿಸಿ ಒಳಗೆ ಹೋದ. ಜೇಬಿಂದ ಎಲೆಅಡಿಕೆ ತೆಗೆದು ಹಾಸಿಗೆ ಪಕ್ಕ ಇಟ್ಟ. ನೆಲದ ಮೇಲೆ ಕೂತು ತಾನು ಯಾರ ಮಗ, ಯಾವ ಊರು ಅಂತ ಹೇಳಿಕೊಂಡ, ತೊಂದರೆ ಕೊಟ್ಟೆ ಅಂತ ಕ್ಷಮೆ ಕೇಳಿದ. ಅಮ್ಮ ಮಾತಾಡಲಿಲ್ಲ. ಅವನೂ ಉತ್ತರಕ್ಕೆ ಕಾಯಲಿಲ್ಲ. ಆಮೇಲೆ ಹೊರಗೆ ಬಂದು, ದಮಾರಿಸ್ ಕೊಟ್ಟ ಕಾಫಿ ಕುಡಿದ.

"ಮಲಗಿ ಎಷ್ಟು ದಿನ ಆಯ್ತು?"

"ಹದಿನಾರು ತಿಂಗಳು."

"ನಮ್ಮಪ್ಪಂಗೂ ಕಾಯಿಲೆ. ಮೂರು ವರ್ಷ ಆಯ್ತು. ದಿನಾ ಅನ್ನ ಇಡೋದು ನಾನೇ."

"ಸುಸ್ತಾಗಲ್ವಾ ಸಾರ್?"

"ಆಗುತ್ತೆ. ಆದ್ರೆ ಯಾರ ಹತ್ರ ಹೇಳ್ಕೊಳ್ಳೋದು, ಹೇಳಿ."

ಫೋನು ತೆಗೆದ. ಹೆಬ್ಬೆರಳು ಪರದೆ ಮೇಲೆ ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ಕಾಯಿಲೆ ಒತ್ತಿದ. ಆರು ಆಯ್ತು, ಸಾಲು ಕೂತಿತು. ಕೆಳಗೆ ಜಿಲ್ಲಾ ಕಚೇರಿಯ ಕಂಪ್ಯೂಟರಿನಲ್ಲಿ ಸತ್ತಿದ್ದಾರೆ ಅನ್ನೋದು ಹೊರಟುಹೋಯಿತು. ದಮಾರಿಸ್ ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು ತೋಟಕ್ಕೆ ನಡೆದಳು.

ಆಸ್ಪತ್ರೆಯ ಕಾಗದದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಲೂದಿಯಾ ಉಸಿರು ನಿಂತು ಹದಿನಾರು ತಿಂಗಳಾಗಿತ್ತು, ಮಾರ್ತೆನ್ ಅಪ್ಪಂದು ನಿಂತು ಮೂರು ವರ್ಷ. ಮಕ್ಕಳೆಲ್ಲ ಸೇರಿ, ಕೋಣ ಕಡಿದು, ಬಂಡೆಯ ಗೋರಿಗೆ ಹೊತ್ತೊಯ್ಯೋವರೆಗೂ ಇಂಡೋನೇಷ್ಯಾದ ಆ ತೊರಾಜ ಬೆಟ್ಟಗಳಲ್ಲಿ ಯಾರನ್ನೂ ಸತ್ತವರು ಅನ್ನಲ್ಲ. ಕೊಳೆಯದ ಹಾಗೆ ಮದ್ದು ಹಾಕಿದ ಮೈಯನ್ನ ಮನೆಯಲ್ಲೇ ಮಲಗಿಸಿ, ಹೊತ್ತುಹೊತ್ತಿಗೆ ಅನ್ನ ಇಟ್ಟು, ಕಾಯಿಲೆ ಅಂತಾರೆ, ಹಾಗೇ ನಂಬ್ತಾರೆ. ಆ ಆರನೇ ಫೋನು ನಿಮ್ಮ ಕೈಲಿದ್ದಿದ್ರೆ ನೀವು ಯಾವುದನ್ನ ಒತ್ತುತ್ತಿದ್ರಿ?