ಅಜ್ಜಿಯ ಹಿಟ್ಟಿನ ಕೈ

ಅಯೋಡಿನ್ ವಾಸನೆ ಬಂದರೆ ಈಗಲೂ ನಿಜಾಮರ ಕಾಲದ ಕುಷ್ಟಗಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅಜ್ಜಿ ಎಷ್ಟು ಉಂಡರೂ ಬಡಕಲಾಗುತ್ತಿದ್ದಳು. ಕೈ ನಡುಗಿ, ಬಡಿಯುವಾಗಲೇ ರೊಟ್ಟಿ ಹರಿಯುತ್ತಿತ್ತು. ನಾನು ಅವಳಂತೆಯೇ ಕೈ ನಡುಗಿಸಿ ರೊಟ್ಟಿ ಬಡಿದು ತೋರಿಸಿದೆ. ಮನೆಯವರೆಲ್ಲ ನಕ್ಕರು.

"ಮುದುಕಿ ಆಗೇನೋ ಮಂಗ್ಯಾ, ಕೈ ನಡುಗದ ಇರ್ತಾವೇನು?" ಎಂದು ಅಜ್ಜಿಯೂ ನಕ್ಕಳು.

ಅಷ್ಟರಲ್ಲಿ ಅಪ್ಪ ದವಾಖಾನೆಯ ಡಾಕ್ಟರನ್ನು ಕರೆತಂದ. ಅವರು ಅಜ್ಜಿಯ ನಾಡಿ ಹಿಡಿದು, ಕೊರಳು ಮುಟ್ಟಿ ನೋಡಿ, ಚಾಚಿದ ಬೆರಳುಗಳ ಮೇಲೆ ಕಾಗದವಿಟ್ಟರು. ಗಾಳಿಯಿಲ್ಲದಿದ್ದರೂ ಅದು ಪಟಪಟನೆ ಅದುರಿತು. ಈ ಸಲ ಯಾರೂ ನಗಲಿಲ್ಲ.

"ಇದು ಮುಪ್ಪಲ್ಲರಿ, ಬ್ಯಾನಿ. ಕೊಳ್ಳಾಗಿನ ಗ್ರಂಥಿ ಅತಿ ಜೋರು ಕೆಲಸ ಮಾಡಾಕತ್ತೈತಿ. ಹಿಂಗ ಬಿಟ್ರ ಎದಿ ಸೋತೀತು. ಈ ಅಯೋಡಿನ್ ಹನಿ ಹಾಲಿನಾಗ ಕೊಡ್ರಿ."

ದಿನ ಕಳೆದಂತೆ ನಡುಕ ತಗ್ಗಿತು. ಆದರೂ ನಾನು ಒಲೆಯ ಬಳಿ ಹೋದಾಗಲೆಲ್ಲ ಅಜ್ಜಿ ಹಿಟ್ಟಿನ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು.